ಮೊದಲು ತಿಳಿಯಬೇಕಾದ ಮನೆ

ಹವಾಲ್ದಾರ್ ನಿಶಾಂತ್ ರಜೆಗೆ ಬಂದಾಗಲೆಲ್ಲ ಭದ್ರಾವತಿಯ ಕಾಗದನಗರದ ಆ ಹಳೇ ಕ್ವಾರ್ಟರ್ಸಿನಲ್ಲಿ ಒಂದು ಜಗಳ ಆಗಿಯೇ ತೀರುತ್ತಿತ್ತು. ಜಗಳ ಫೋಟೋದ್ದು. ಯೂನಿಫಾರ್ಮಿನಲ್ಲಿರುವ ಅವನ ಫೋಟೋವನ್ನು ಹೆಂಡತಿ ವಾಣಿ ಸ್ಟೇಟಸ್ಸಿಗೆ ಹಾಕುವಂತಿರಲಿಲ್ಲ. ಅವನು ಯಾವ ರೈಲಿಗೆ ಬರುತ್ತಾನೆ, ಎಂದು ಹಿಂತಿರುಗುತ್ತಾನೆ ಎಂದು ಯಾರೂ ಎಲ್ಲೂ ಬರೆಯುವಂತಿರಲಿಲ್ಲ. ವಾಣಿಯ ತಮ್ಮನ ಮದುವೆಯ ಕರೆಯೋಲೆಯಲ್ಲಿ ಉಳಿದ ಅಳಿಯಂದಿರ ಹೆಸರಿನ ಕೆಳಗೆಲ್ಲ ಕೆಲಸ, ಕಚೇರಿ, ಊರು ಅಚ್ಚಾಗಿದ್ದರೆ ಇವನ ಹೆಸರಿನ ಕೆಳಗೆ ಮಾತ್ರ ಖಾಲಿ ಜಾಗ. ಬೀಗರಲ್ಲಿ ಯಾರೋ, ‘ಪಾಪ, ಅಳಿಯಂಗೆ ಕೆಲಸ ಇಲ್ವೇನೋ’ ಅಂದಿದ್ದರಂತೆ.

"ಪಕ್ಕದ್ಮನೆ ಶಂಕರಮ್ಮನ ಅಳಿಯ ಗನ್ ಹಿಡ್ಕೊಂಡು ರೀಲ್ಸ್ ಮಾಡ್ತಾನೆ. ಅವನೇನು ಸೈನಿಕ ಅಲ್ವಾ?" ಎಂದು ವಾಣಿ ಈ ಸಲವೂ ಕೇಳಿದ್ದಳು.

"ಅವನು ರೀಲ್ಸ್ ಮಾಡೋ ಸೈನಿಕ. ನಾನು ಬರೀ ಸೈನಿಕ."

"ನನ್ನ ಫೋನ್ ತೆಗೆದು ನೋಡಿದೋರು ನಂಗೆ ಮದುವೇನೇ ಆಗಿಲ್ಲ ಅಂದ್ಕೋತಾರೆ, ಗೊತ್ತಾ ನಿಮಗೆ?"

ಅವನು ನಕ್ಕುಬಿಟ್ಟಿದ್ದ. ಹೆದರಿಕೆಯಿಂದ ನಿಯಮ ಪಾಲಿಸುವವರ ಜಾತಿಗೆ ಸೇರಿದವನಲ್ಲ ಅವನು; ನಿಯಮದ ಹಿಂದಿನ ಕಾರಣ ತಿಳಿದುಕೊಂಡು ಪಾಲಿಸುವವನು. ಯೂನಿಟ್ಟಿಗೆ ಹೊಸಬರು ಬಂದಾಗ ಈ ವಿಷಯದ ಪಾಠ ಹೇಳುವ ಕೆಲಸ ಅವನದೇ ಆಗಿತ್ತು. ಒಂದು ಸೆಲ್ಫಿಯನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸುತ್ತಿದ್ದ. ಹುಡುಗನ ನಗುವಿನ ಹಿಂದೆ ಗುಡ್ಡದ ಅಂಚು, ಬಲಕ್ಕೆ ಒಂದು ಕಂಬ, ನೆಲದ ಮೇಲೆ ನೆರಳು. ಇಷ್ಟರಿಂದಲೇ ಊರು ಯಾವುದು, ಹೊತ್ತೆಷ್ಟು, ಮುಖ ಯಾವ ದಿಕ್ಕಿಗೆ ಎಂದು ಹೇಗೆ ಹೇಳಬಹುದು ಎಂಬುದನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಕೊನೆಗೆ ಧ್ವನಿ ತಗ್ಗಿಸಿ ಇನ್ನೊಂದು ಮಾತು ಹೇಳುತ್ತಿದ್ದ. ನಮ್ಮಲ್ಲಿ ಒಬ್ಬ ಹೋದರೆ, ಆ ಸುದ್ದಿ ಮೊದಲು ತಿಳಿಯಬೇಕಾದ್ದು ಒಂದೇ ಮನೆಗೆ. ಆ ಮನೆಗೆ ತಿಳಿಯುವವರೆಗೆ ಜಗತ್ತಿನ ಯಾವ ಫೋನಿಗೂ ತಿಳಿಯಬಾರದು. ಓಂ ಶಾಂತಿ ಅಂತ ಎರಡು ಶಬ್ದ ಹಾಕುವುದಕ್ಕೂ ಒಂದು ಸರದಿ ಇದೆ. ಆ ಸರದಿಯಲ್ಲಿ ನಾವು ಕೊನೆಯವರು.

ಅವನ ಅಪ್ಪ ಕರಿಯಣ್ಣ ಕಲಿತ ಪಾಠವೇ ಬೇರೆ. ಕಾಗದದ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಅವನು ಪಲ್ಪ್ ಸೆಕ್ಷನ್ನಿನಲ್ಲಿದ್ದ. ಗೇಟಿನ ಪಕ್ಕದಲ್ಲಿ ಒಂದು ಕರಿ ಹಲಗೆ ಇತ್ತು. ಕಾರ್ಮಿಕರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅದರ ಮೇಲೆ ಸುಣ್ಣದ ಕಡ್ಡಿಯಿಂದ ಹೆಸರು, ಸೆಕ್ಷನ್ನು, ಮಣ್ಣಿನ ಹೊತ್ತು ಬರೆಯುತ್ತಿದ್ದರು. ಮೂರು ಪಾಳಿಯ ಜೀವನ. ಒಬ್ಬ ಕೆಲಸದಲ್ಲಿದ್ದರೆ ಇನ್ನೊಬ್ಬ ನಿದ್ದೆಯಲ್ಲಿ. ಜೊತೆಗೆ ದುಡಿದವನಿಗೆ ಹೆಗಲು ಕೊಡುವುದು ಯಾರಿಗೂ ತಪ್ಪಬಾರದು ಎಂದು ಆ ಹಲಗೆ. ಅಕ್ಷರ ದುಂಡಗಿದ್ದದ್ದರಿಂದ ಬರೆಯುವ ಕೆಲಸ ಕರಿಯಣ್ಣನಿಗೆ ಬಿದ್ದಿತ್ತು. ಕಾರ್ಖಾನೆ ನಿಂತಿತು, ಗೇಟಿಗೆ ಬೀಗ ಬಿತ್ತು, ಜನ ಚೆಲ್ಲಾಪಿಲ್ಲಿಯಾದರು. ಹಲಗೆ ಮಾತ್ರ ವಾಟ್ಸ್ಯಾಪಿಗೆ ಬಂದು ಸೇರಿಕೊಂಡಿತು. ಗುಂಪಿನ ಹೆಸರೇ ‘ಗೇಟ್ ಬೋರ್ಡ್’. ಶುಭೋದಯ, ದೇವರ ಚಿತ್ರ, ರಾಜಕೀಯ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಸಾವಿನ ಸುದ್ದಿ ಮಾತ್ರ. ಅಡ್ಮಿನ್ ಕರಿಯಣ್ಣ ಒಬ್ಬನೇ. ಸುದ್ದಿ ಕಿವಿಗೆ ಬಿದ್ದ ಕೂಡಲೇ ಹಾಕಿಬಿಡುವುದು ಅವನಿಗೆ ಊಟಕ್ಕೆ ಮುಂಚೆ ಕೈ ತೊಳೆದಷ್ಟು ಸಹಜವಾಗಿತ್ತು.

ಅವತ್ತು ಬೆಳಗಿನ ತಿಂಡಿಯ ಹೊತ್ತಿಗೆ ನಿಶಾಂತನಿಗೆ ಸುಬೇದಾರ್ ಶಿವಮೂರ್ತಪ್ಪನವರ ಫೋನ್ ಬಂತು. ಹಾವೇರಿ ಕಡೆಯ ಹಿರಿಯರು, ಮಾತು ಕಡಿಮೆ.

"ನಿಶಾಂತ್, ಎಲ್ಲಿದೀಯಾ? ಒಬ್ನೇ ಇದೀಯಾ?"

ಅವನು ಎದ್ದು ಹಿತ್ತಿಲಿಗೆ ಹೋದ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತ. "ಹೇಳಿ ಸಾಹೇಬ್ರೆ."

"ಗಾಡಿ ಬಿದ್ದಿದೆ. ಇಬ್ರಿದ್ರು. ಮಲ್ಲಿಕ್, ಶ್ರೇಯಸ್. ಗಾಡಿ ಓಡಿಸ್ತಿದ್ದೋನು ಹೋದ. ಇನ್ನೊಬ್ಬನಿಗೆ ಉಸಿರಿದೆ, ಹೆಲಿಕಾಪ್ಟರಲ್ಲಿ ಸಾಗಿಸ್ತಾ ಇದಾರೆ."

ಯೂನಿಟ್ಟಿನಲ್ಲಿ ಈ ಜಿಲ್ಲೆಯವರು ಮೂವರೇ. ಮೂರನೆಯವನು ಇಲ್ಲಿ ಕಲ್ಲಿನ ಪಕ್ಕ ನಿಂತಿದ್ದ.

"ಓಡಿಸ್ತಿದ್ದಿದ್ದು ಯಾರು?"

"ಡ್ಯೂಟಿ ಪ್ರಕಾರ ಮಲ್ಲಿಕ್."

"ಮಲ್ಲಿಕ್ ಹೋದ್ನಾ?" ಅವನ ಧ್ವನಿ ಅವನಿಗೆ ಅರಿವಿಲ್ಲದೆ ಏರಿತು. "ಪರಮೇಶ್ವರಪ್ಪನವರ ಮಲ್ಲಿಕ್ ಹೋದ್ನಾ ಸಾಹೇಬ್ರೆ?"

"ಡ್ಯೂಟಿ ಪ್ರಕಾರ ಅಂದೆ ಕಣಪ್ಪ, ಸರಿಯಾಗಿ ಕೇಳಿಸ್ಕೋ. ನಾವ್ಯಾರೂ ಕಣ್ಣಾರೆ ನೋಡಿಲ್ಲ. ಆಸ್ಪತ್ರೆಯಿಂದ ಖಾತ್ರಿ ಆಗ್ಬೇಕು. ನೀನು ಶಿವಮೊಗ್ಗಕ್ಕೆ ಹೋಗಿ ಅವರಮ್ಮನ ಹತ್ರ ಕೂತ್ಕೋ. ನಾನು ಫೋನ್ ಮಾಡೋವರೆಗೆ ನೀನೂ ಹೇಳ್ಬೇಡ, ಇನ್ನೊಬ್ಬರ ಬಾಯಿಂದಲೂ ಆಯಮ್ಮನ ಕಿವಿಗೆ ಬೀಳ್ಬಾರದು. ಅಷ್ಟೇ ನಿನ್ನ ಡ್ಯೂಟಿ."

ಕಾಂಪೌಂಡಿನ ಆ ತುದಿಯಲ್ಲಿ ಕರಿಯಣ್ಣ ದಾಸವಾಳದ ಗಿಡಕ್ಕೆ ನೀರು ಹಾಕುತ್ತಿದ್ದ. ನಿಶಾಂತನಿಗೆ ಅವನು ಕಾಣಿಸಿದ. ಆದರೆ ಅಪ್ಪನ ಕಿವಿ ಮಂದ ಎಂಬ ಹಳೆಯ ನಂಬಿಕೆಯಲ್ಲಿ ಅವನನ್ನು ಗಿಡದ ಜೊತೆಗೇ ಸೇರಿಸಿ ನೋಡಿದ. ಬೇರೆಯವರ ಫೋಟೋದಲ್ಲಿ ಗುಡ್ಡದ ಅಂಚನ್ನೂ ಬಿಡದೆ ಹುಡುಕುತ್ತಿದ್ದವನು ತನ್ನ ಬೆನ್ನ ಹಿಂದೆ ಏನಿದೆ ಎಂದು ಯೋಚಿಸಲಿಲ್ಲ.

ವಾಣಿಗೆ, ಶಿವಮೊಗ್ಗಕ್ಕೆ ಹೋಗಿ ಬರ್ತೀನಿ ಎಂದಷ್ಟೇ ಹೇಳಿ ಬೈಕು ಹತ್ತಿದ.

ಮಲ್ಲಿಕನ ಅಪ್ಪ ಪರಮೇಶ್ವರಪ್ಪ ಕರಿಯಣ್ಣನ ಜೊತೆ ಒಂದೇ ಸೆಕ್ಷನ್ನಿನಲ್ಲಿದ್ದವನು. ಕಾರ್ಖಾನೆ ನಿಂತ ಮೇಲೆ ಅವನೂ ಹೆಚ್ಚು ದಿನ ಉಳಿಯಲಿಲ್ಲ. ಹೆಂಡತಿ ಉಮಾಮಹೇಶ್ವರಿ ಮಗನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿ ಸವಳಂಗ ರಸ್ತೆಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ ಮಾಡಿಕೊಂಡು ಸೀರೆಗೆ ಫಾಲ್ ಹಾಕುವುದು, ಕುಚ್ಚು ಕಟ್ಟುವುದು, ಬ್ಲೌಸ್ ಹೊಲಿಯುವುದು ಮಾಡಿ ಅವನನ್ನು ಪಿಯುಸಿ ಓದಿಸಿದಳು. ಆಮೇಲೆ ನಿಶಾಂತನೇ ಒಂದು ರಜೆಯಲ್ಲಿ ಮಲ್ಲಿಕನನ್ನು ಮೈದಾನಕ್ಕೆ ಎಳೆದೊಯ್ದು ಓಡಿಸಿ, ಭರ್ತಿ ರ್‍ಯಾಲಿಗೆ ಕಳಿಸಿ, ಸೈನ್ಯ ಸೇರಿಸಿದ್ದ. ಅದೇ ರ್‍ಯಾಲಿಯಲ್ಲಿ ಹೊಳೆಹೊನ್ನೂರಿನ ಶ್ರೇಯಸ್ಸೂ ಆಯ್ಕೆಯಾಗಿದ್ದ. ದಾರಿಯುದ್ದಕ್ಕೂ ನಿಶಾಂತನ ತಲೆಯಲ್ಲಿ ಇಬ್ಬರ ಮುಖಗಳೂ ಸುತ್ತುತ್ತಿದ್ದವು. ಮಲ್ಲಿಕ್ ಆಗದಿರಲಿ ಎಂದುಕೊಂಡರೆ ಶ್ರೇಯಸ್ ಆಗಲಿ ಎಂದು ಬೇಡಿದಂತೆ. ಹಾಗಾಗಿ ಏನನ್ನೂ ಬೇಡದೆ ಬೈಕು ಓಡಿಸಿದ.

"ಏನ್ ಮಾರಾಯ, ಫೋನಿಲ್ಲ ಏನಿಲ್ಲ, ಹಿಂಗೆ ಬಂದ್ಬಿಟ್ಟೆ!" ಮಶೀನಿನ ಮೇಲಿಂದ ತಲೆ ಎತ್ತಿ ಉಮಾಮಹೇಶ್ವರಿ ಅಂದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದಳು. ತೆಗೆದು ದಿಂಬಿಗೆ ಚುಚ್ಚಿದಳು. "ಯಾವಾಗ ಬಂದೆ ರಜಕ್ಕೆ?"

"ಮೊನ್ನೆ ಬಂದೆ ಅಮ್ಮ. ಈ ಕಡೆ ಕೆಲಸ ಇತ್ತು."

"ನಿನ್ ಶಿಷ್ಯ ಹೆಂಗಿದಾನೆ? ಅಮ್ಮಂಗೆ ಫೋನ್ ಮಾಡಕ್ಕೆ ನೆಟ್ವರ್ಕ್ ಇರಲ್ಲ ಅವನಿಗೆ. ಎದುರು ಮನೆ ಹುಡುಗಿ ಫೋಟೋಗೆ ಲೈಕ್ ಒತ್ತಕ್ಕೆ ಮಾತ್ರ ನೆಟ್ವರ್ಕ್ ಎಲ್ಲಿಂದ ಬರುತ್ತೋ! ಆ ಹುಡುಗಿ ನಂಗೆ ತಂದು ತೋರಿಸ್ತಾಳೆ, ನೋಡಿ ಆಂಟಿ ನಿಮ್ ಮಗ ಅಂತ."

ನಿಶಾಂತ್ ನಕ್ಕ. ನಗು ಬಂದದ್ದು ಅವನಿಗೇ ಅಸಹ್ಯವೆನಿಸಿತು.

"ನಗಬೇಡ. ಬೈದು ಹೇಳು ಅವನಿಗೆ. ಈ ಸಲ ಬಂದ್ರೆ ಹುಡುಗಿ ನೋಡಿ ಗಂಟು ಹಾಕೋದೇ. ಇರು, ಅವಲಕ್ಕಿ ಕಲಸ್ತೀನಿ. ಬೇಡ ಅಂದ್ರೆ ನಿಮ್ಮಮ್ಮ ಪುಷ್ಪಮ್ಮಂಗೆ ಫೋನ್ ಮಾಡಿ ಹೇಳ್ತೀನಿ."

ಅವಳು ಒಳಗೆ ಹೋದಳು. ಮಶೀನಿನ ಮೇಜಿನ ಮೇಲಿದ್ದ ಅವಳ ಫೋನು ಟಿಂಗ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಿಂಗ್. ಗಿರಾಕಿಗಳು ಬ್ಲೌಸಿನ ಬೆನ್ನಿನ ಡಿಸೈನುಗಳನ್ನು ಕಳಿಸುತ್ತಿದ್ದರು. ಪರದೆಯ ಮೇಲೆ ತಲೆಯಿಲ್ಲದ ಬೆನ್ನುಗಳು ಮೂಡಿ ಮಾಯವಾಗುತ್ತಿದ್ದವು. ಒಂದೊಂದು ಟಿಂಗ್‌ಗೂ ನಿಶಾಂತ್ ಬಗ್ಗಿ ಪರದೆ ನೋಡುತ್ತಿದ್ದ.

ಅವಳು ತಟ್ಟೆ ತಂದಿಟ್ಟಾಗ ಹೇಳಿದ, "ಅಮ್ಮ, ನನ್ ಫೋನಲ್ಲಿ ಕರೆನ್ಸಿ ಇಲ್ಲ. ನಿಮ್ದು ಸ್ವಲ್ಪ ಕೊಡ್ತೀರಾ?"

"ತಗೋ. ಡಿಸೈನ್ ಬರ್ತಾ ಇರ್ತಾವೆ, ಏನಾದ್ರೂ ಡಿಲೀಟ್ ಮಾಡೀಯ ಮತ್ತೆ. ಗಿರಾಕಿಗಳು ನನ್ನ ಸುಮ್ನೆ ಬಿಡಲ್ಲ."

ಅವನು ಅದರ ಸದ್ದು ಅಡಗಿಸಿ ಜೇಬಿಗೆ ಹಾಕಿಕೊಂಡ. ಅವಲಕ್ಕಿ ತಿಂದ. ಹಸಿಮೆಣಸಿನಕಾಯಿ, ಕಾಯಿತುರಿ, ನಿಂಬೆಹುಳಿ ಎಲ್ಲವೂ ನಾಲಿಗೆಗೆ ತಿಳಿಯುತ್ತಿತ್ತು. ಹೀಗೆ ತಿಳಿಯಬಾರದಿತ್ತು ಎಂದು ಅವನಿಗೆ ಅನ್ನಿಸಿತು. ಅವಳು ಎದುರಿಗೆ ಕೂತು ರೇಷ್ಮೆ ಸೀರೆಯೊಂದರ ಸೆರಗಿನ ದಾರಗಳನ್ನು ಬಿಡಿಸಿ ಕುಚ್ಚು ಕಟ್ಟುತ್ತ, ಮಗನ ಜಾತಕ ನೋಡಿದ ಶಾಸ್ತ್ರಿಗಳ ಬಗ್ಗೆ, ಕುಚ್ಚಿಗೂ ಚೌಕಾಸಿ ಮಾಡುವ ಬ್ಯಾಂಕಿನ ಹೆಂಗಸಿನ ಬಗ್ಗೆ ಹೇಳುತ್ತ ಹೋದಳು. ಅವನು ಹೂಂಗುಟ್ಟುತ್ತಿದ್ದ. ಇಲ್ಲಿಯವರೆಗೆ ಸರಿಯಾಗಿದೆ, ಸುಬೇದಾರರು ಹೇಳಿದಂತೆಯೇ ನಡೆಯುತ್ತಿದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ.

ಜೇಬಿನಲ್ಲಿ ಅವಳ ಫೋನು ನಡುಗಿತು. ಕೈ ತೊಳೆಯುವ ನೆಪದಲ್ಲಿ ಹೊರಗಿನ ಮೆಟ್ಟಿಲಿಗೆ ಬಂದು ನೋಡಿದ. ಕಳಿಸಿದವರ ಹೆಸರು ‘ಪುಟ್ಟಪ್ಪ ಫ್ಯಾಕ್ಟ್ರಿ’ ಎಂದಿತ್ತು. "ಅಮ್ಮಾ, ಧೈರ್ಯ ತಂದುಕೊಳ್ಳಿ. ಬಸ್ಸು ಇಳಿದೆವು, ಬರುತ್ತಿದ್ದೇವೆ."

ತನ್ನ ಫೋನು ತೆಗೆದ. ಅಪ್ಪ ತನ್ನನ್ನೂ ಸೇರಿಸಿದ್ದ ಗೇಟ್ ಬೋರ್ಡಿನಲ್ಲಿ ಅವನ ಹಳೆಯ ಹಲಗೆಯ ಶೈಲಿಯೇ ಅಚ್ಚುಕಟ್ಟಾಗಿ ಕೂತಿತ್ತು: "ಪಲ್ಪ್ ಸೆಕ್ಷನ್ನಿನ ದಿವಂಗತ ಪರಮೇಶ್ವರಪ್ಪನವರ ಮಗ, ಯೋಧ ಮಲ್ಲಿಕ್, ಸೇವೆಯಲ್ಲಿದ್ದಾಗ ಇಂದು ನಿಧನ. ಮನೆ ಶಿವಮೊಗ್ಗ, ಸವಳಂಗ ರಸ್ತೆ. ಮಣ್ಣಿನ ಹೊತ್ತು ನಂತರ ತಿಳಿಸಲಾಗುವುದು. ಕರಿಯಣ್ಣ." ಅದರ ಕೆಳಗೆ ಮುಗಿದ ಕೈಗಳ ಸಾಲು.

"ಅಪ್ಪ, ಏನ್ ಹಾಕಿದೀಯ ನೀನು?" ಫೋನಿನಲ್ಲಿ ಹಲ್ಲು ಕಚ್ಚಿ ಕೇಳಿದ.

"ಯಾಕೆ, ತಪ್ಪು ಬಿದ್ದಿದೆಯಾ? ಪರಮೇಶಿ ಹೆಸರಿನ ಹಿಂದೆ ದಿವಂಗತ ಹಾಕಿದೀನಲ್ಲ."

"ಇನ್ನೂ ಖಾತ್ರಿನೇ ಆಗಿಲ್ಲ! ಆಯಮ್ಮಂಗೇ ಗೊತ್ತಿಲ್ಲ!"

"ಗೊತ್ತಿಲ್ವಾ? ಮತ್ತೆ ನೀನು ಹೋಗಿದ್ದು ಯಾಕೆ? ಹೇಳಕ್ಕೆ ತಾನೇ?"

"ಹೇಳದೆ ಇರಕ್ಕೆ ಹೋಗಿದ್ದು ಅಪ್ಪ! ತೆಗಿ ಅದನ್ನ, ಈಗ್ಲೇ ತೆಗಿ."

"ಸಾವಿನ ಸುದ್ದಿ ಬಚ್ಚಿಡಬಾರದು ಕಣೋ. ಪರಮೇಶಿ ಹೋದಾಗ ಜನ ಹೆಂಗ್ ಬಂದ್ರು ನೆನಪಿದೆಯಾ? ಯಾರಿಂದ ಬಂದ್ರು? ಅವನ ಮಗ ಹೋದಾಗ ಯಾರೂ ಬರದೆ ಇದ್ರೆ ನಾಳೆ ನಾನು ಮೇಲೆ ಹೋಗಿ ಅವನಿಗೆ ಏನಂತ ಮುಖ ತೋರಿಸ್ಲಿ?"

"ಅಪ್ಪ, ದಮ್ಮಯ್ಯ. ಡಿಲೀಟ್ ಮಾಡು."

ಆ ಕಡೆ ಪರದೆ ಕುಟ್ಟುವ ಸದ್ದು. "ಮಾಡ್ದೆ. ಹೋಯ್ತು ನೋಡು."

ನಿಶಾಂತನ ಪರದೆಯ ಮೇಲೆ ಸುದ್ದಿ ಹಾಗೆಯೇ ಇತ್ತು. "ಇಲ್ಲಿ ಇನ್ನೂ ಇದೆ."

"ಇಲ್ಲಿ ಹೋಗಿದೆಯಲ್ಲೋ! ನನ್ನ ಕಣ್ಣೆದುರಿಗೇ ಹೋಯ್ತು."

ಎಲ್ಲರಿಗೂ ಅಳಿಸುವುದನ್ನು ಬಿಟ್ಟು ಅಪ್ಪ ತನಗೆ ಮಾತ್ರ ಅಳಿಸಿಕೊಂಡಿದ್ದ. ಇನ್ನು ಅವನ ಫೋನಿನಲ್ಲಿ ಆ ಸುದ್ದಿ ಕಾಣುವುದೇ ಇಲ್ಲ, ಕಾಣದ್ದನ್ನು ತೆಗೆಯಲಾಗದು. ಬರೆದವನಿಗೊಬ್ಬನಿಗೆ ಬಿಟ್ಟು ಉಳಿದೆಲ್ಲರಿಗೂ ಅದು ಉಳಿದುಕೊಂಡಿತು. ನಿಶಾಂತ್ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಅಂಗಡಿಯ ಮುಂದೆ ಒಂದು ಆಟೋ ಬಂದು ನಿಂತಿತು.

ಇಳಿದವರು ಮೂವರು ಮುದುಕರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು. ಮುಂದಿದ್ದ ಪುಟ್ಟಪ್ಪನ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಹಾರ. ಭದ್ರಾವತಿಯಿಂದ ಸಿಕ್ಕಿದ ಬಸ್ಸು ಹತ್ತಿ ಬಂದಿದ್ದರು. ಅವರ ಕಾಲದ ಜನ ಹೀಗೆಯೇ ಬರುತ್ತಿದ್ದರು. ನಿಶಾಂತ್ ಮೆಟ್ಟಿಲಿಗೆ ಅಡ್ಡ ನಿಂತ.

"ಪುಟ್ಟಪ್ಪಣ್ಣ, ಒಳಗೆ ಹೋಗ್ಬೇಡಿ. ಸ್ವಲ್ಪ ಆ ಕಡೆ ಬನ್ನಿ, ಹೇಳ್ತೀನಿ."

"ಬಿಡಪ್ಪ ದಾರಿ," ಎಂದ ಪುಟ್ಟಪ್ಪ, ಒದ್ದೆ ಕಣ್ಣಿನಿಂದ. "ನಿನ್ ದುಃಖ ನಂಗೆ ಗೊತ್ತಾಗುತ್ತೆ."

"ಯಾರದು? ಪುಟ್ಟಪ್ಪಣ್ಣನಾ?" ಒಳಗಿನಿಂದ ಉಮಾಮಹೇಶ್ವರಿ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. "ಬನ್ನಿ ಬನ್ನಿ. ಏನಿವತ್ತು, ಕಾಗದನಗರವೇ ನಮ್ಮನೆಗೆ ಬಂದ್ಬಿಟ್ಟಿದೆ!"

ಪುಟ್ಟಪ್ಪ ಕೈ ಮುಗಿದ. ಬಾಳೆಲೆ ಬಿಚ್ಚಿಕೊಂಡು ಹಾರದ ಒಂದು ತುದಿ ಜಾರಿತು.

"ತಾಯೀ, ಪರಮೇಶಿ ಪುಣ್ಯ ಮಾಡಿದ್ದ. ಇದನ್ನ ನೋಡಕ್ಕೆ ಅವನಿಲ್ಲ."

ಅವಳು ಹಾರವನ್ನು ನೋಡಿದಳು. ಆಮೇಲೆ ನೋಡಿದ್ದು ಪುಟ್ಟಪ್ಪನನ್ನಲ್ಲ, ನಿಶಾಂತನನ್ನು. ಅವನ ಶರ್ಟಿನ ಜೇಬಿನಿಂದ ಅವಳ ಫೋನಿನ ತುದಿ ಹೊರಗೆ ಕಾಣುತ್ತಿತ್ತು.

"ನಿಂಗೆ ಗೊತ್ತಿತ್ತಾ?"

"ಅಮ್ಮ, ಇನ್ನೂ ಖಾತ್ರಿ..."

"ಗೊತ್ತಿದ್ದೂ ಅವಲಕ್ಕಿ ತಿಂದ್ಯಾ?"

ಅವಳು ಮಶೀನಿನ ಅಂಚು ಹಿಡಿದು ಕುಸಿದಳು. ಕೂಗು ಕೇಳಿ ಅಕ್ಕಪಕ್ಕದ ಅಂಗಡಿಯವರು ಬಂದರು, ಎದುರು ಮನೆಯ ಹೆಂಗಸರು ಬಂದರು. ಲೈಕ್ ತೋರಿಸುತ್ತಿದ್ದ ಹುಡುಗಿ ಬಾಗಿಲ ಕಂಬ ಹಿಡಿದು ನಿಂತುಬಿಟ್ಟಳು. ಪಕ್ಕದ ಮೊಬೈಲ್ ರಿಪೇರಿ ಅಂಗಡಿಯವನು ಊರ ಸುದ್ದಿ ಹಾಕುವ ಒಂದು ಪೇಜು ನಡೆಸುತ್ತಿದ್ದ. ಅವನೂ ಬಂದ, ಜನರ ಹಿಂದೆ ಫೋನು ಹಿಡಿದ ಕೈ ಎತ್ತಿ ನಿಂತ. ನಿಶಾಂತ್ ಅವಳ ಪಕ್ಕ ನೆಲದ ಮೇಲೆ ಕೂತು, ಖಾತ್ರಿ ಆಗಿಲ್ಲ ಅಮ್ಮ, ಖಾತ್ರಿ ಆಗಿಲ್ಲ ಎನ್ನುತ್ತಲೇ ಇದ್ದ. ಹಾರ ತಂದವರ ಎದುರಿನಲ್ಲಿ ಆ ಮಾತಿಗೆ ಯಾವ ಬೆಲೆಯೂ ಇರಲಿಲ್ಲ.

ಸುಬೇದಾರರ ಫೋನು ಬಂದದ್ದು ಆ ಗದ್ದಲದ ನಡುವೆ. ಅವನು ಹಿಂದಿನ ಅಡುಗೆಮನೆಗೆ ಹೋಗಿ ಒಂದು ಕಿವಿ ಮುಚ್ಚಿಕೊಂಡು ಕೇಳಿದ.

"ಮಲ್ಲಿಕ್ ಬದುಕಿದಾನೆ," ಎಂದರು ಶಿವಮೂರ್ತಪ್ಪ. "ಕಾಲು ಮುರಿದಿದೆ. ಪ್ರಜ್ಞೆ ಬಂದು ತಾನೇ ಹೆಸರು, ನಂಬರು ಹೇಳಿದ. ದಾರೀಲಿ ತಲೆನೋವು ಅಂತ ಸ್ಟೇರಿಂಗ್ ಬಿಟ್ಟುಕೊಟ್ಟಿದ್ದನಂತೆ. ಹೋದೋನು ಶ್ರೇಯಸ್."

ನಿಶಾಂತ್ ಅಡುಗೆಮನೆಯ ಬಾಗಿಲು ಮುಚ್ಚಿದ.

"ಕೇಳಿಸ್ತಿದೆಯಾ? ಆಯಮ್ಮಂಗೆ ಮಗ ಬದುಕಿದಾನೆ ಅಂತ ಹೇಳು, ಅಷ್ಟೇ ಹೇಳು. ಶ್ರೇಯಸ್ ಹೆಸರು ಎತ್ತಬೇಡ. ಹೊಳೆಹೊನ್ನೂರಿಗೆ ಇನ್ನೂ ತಿಳಿಸಿಲ್ಲ. ಅಧಿಕಾರಿಗಳು ಈಗ ಹೊರಡ್ತಾರೆ, ಅವರು ಮನೆ ಮುಟ್ಟೋವರೆಗೆ ಬಾಯಿ ಬಿಡಬೇಡ."

"ಆಯ್ತು ಸಾಹೇಬ್ರೆ."

ಹೊರಗೆ ಬಂದು ಮಂಡಿಯೂರಿ ಉಮಾಮಹೇಶ್ವರಿಯ ಎರಡೂ ಕೈ ಹಿಡಿದ. "ಅಮ್ಮ, ಮಲ್ಲಿಕ್ ಬದುಕಿದಾನೆ. ಈಗ ಫೋನ್ ಬಂತು. ಕಾಲು ಮುರಿದಿದೆ ಅಷ್ಟೇ."

ಅವಳು ಅವನ ಮುಖವನ್ನು ಬಟ್ಟೆಯ ನೇಯ್ಗೆ ನೋಡುವಂತೆ ನೋಡಿದಳು.

"ಸುಳ್ಳು."

"ದೇವರಾಣೆ ಅಮ್ಮ."

"ಕರೆನ್ಸಿ ಇಲ್ಲ ಅಂದೆ, ಅದೂ ಸುಳ್ಳು. ಈ ಕಡೆ ಕೆಲಸ ಇತ್ತು ಅಂದೆ, ಅದೂ ಸುಳ್ಳು. ಈಗ ನಾನು ಎದೆ ಒಡೆದು ಸಾಯ್ತೀನಿ ಅಂತ ಇದೊಂದು ಸುಳ್ಳು. ಸಂಜೆವರೆಗೂ ಹಿಂಗೇ ಹೇಳಿ ಆಮೇಲೆ ಪೆಟ್ಟಿಗೆ ತಂದಿಳಿಸ್ತೀರಾ?"

"ಇಲ್ಲ ಅಮ್ಮ, ನಿಜವಾಗ್ಲೂ..."

"ಹಂಗಾದ್ರೆ ಇವರೆಲ್ಲ ಯಾಕೆ ಬಂದ್ರು? ಯಾರೋ ಒಬ್ರು ಹೋಗಿದಾರೆ ತಾನೇ? ಯಾರು? ಹೆಸರು ಹೇಳು. ನನ್ ಮಗ ಅಲ್ಲದಿದ್ರೆ ಆ ಹೋದ ಮಗಂಗೆ ಒಂದು ಹೆಸರು ಇರಬೇಕಲ್ಲ!"

ಅವನು ನೆಲ ನೋಡಿದ. ಅವಳಿಗೆ ಅಷ್ಟು ಸಾಕಾಯಿತು. ಅವಳು ಹಣೆಯನ್ನು ಮಶೀನಿನ ಕಬ್ಬಿಣದ ಕಾಲಿಗೆ ಚಚ್ಚಿಕೊಂಡಳು. ಒಂದು ಸಲ, ಇನ್ನೊಂದು ಸಲ. ಹೆಂಗಸರು ಹಿಡಿಯಲು ಹೋದರೂ ಕೈಗೆ ಸಿಗಲಿಲ್ಲ. ಹುಬ್ಬಿನ ಮೇಲೆ ರಕ್ತ ಮೂಡಿತು. "ಹೇಳ್ಬಿಡಪ್ಪ," ಎಂದ ಪುಟ್ಟಪ್ಪ. "ಗೊತ್ತಿದ್ರೆ ಹೇಳ್ಬಿಡು, ಆಯಮ್ಮ ಸತ್ತೇಹೋಗ್ತಾಳೆ."

"ಶ್ರೇಯಸ್," ಎಂದ ನಿಶಾಂತ್. "ಶ್ರೇಯಸ್ ಅಮ್ಮ. ಹೊಳೆಹೊನ್ನೂರಿನ ಶ್ರೇಯಸ್. ಅವನು ಓಡಿಸ್ತಿದ್ದ."

ಅವಳು ಚಚ್ಚಿಕೊಳ್ಳುವುದನ್ನು ನಿಲ್ಲಿಸಿದಳು. ಶ್ರೇಯಸ್ ಅವಳಿಗೆ ಗೊತ್ತು. ರಜೆ ಮುಗಿಸಿ ಹೋಗುವಾಗ ಮಲ್ಲಿಕನಿಗೆಂದು ಅವಳು ಮಾಡಿಕೊಟ್ಟ ಚಟ್ನಿಪುಡಿ, ರೊಟ್ಟಿ ಒಯ್ಯುತ್ತಿದ್ದವನು. ಊರಿರುವ, ಮುಖವಿರುವ ಹೆಸರು. ಅವಳು ನಂಬಿದಳು.

"ಅಯ್ಯೋ ಪಾಪ," ಎಂದಳು. ಅದೂ ನಿಜವಾದ ಮಾತೇ. ಆದರೆ ಅದು ಮುಗಿಯುವ ಮೊದಲೇ ಅವಳ ಕೈಗಳು ಗೋಡೆಯ ಮೇಲಿನ ದೇವರ ಪಟದ ಕಡೆ ಎದ್ದಿದ್ದವು, ಮುಖದಲ್ಲಿ ತಡೆಯಲಾಗದ ಬೆಳಕು ಬಂದಿತ್ತು. ಹೆಂಗಸರು ಅಳುತ್ತಲೇ ನಕ್ಕರು. ಯಾರೋ ನೀರು ತಂದರು, ಯಾರೋ ಹಣೆಗೆ ಅರಿಸಿನ ಒತ್ತಿದರು. ಪುಟ್ಟಪ್ಪ ಹಾರವನ್ನು ಮತ್ತೆ ಬಾಳೆಲೆಯಲ್ಲಿ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡ. ಅಪರಾಧಿಯಂತೆ ಮೂಲೆಗೆ ಸರಿದು ಫೋನು ತೆಗೆದ.

"ಕರಿಯಣ್ಣ, ತಪ್ಪಾಗಿದೆ ಮಾರಾಯ. ನಮ್ ಪರಮೇಶಿ ಮಗ ಅಲ್ಲ. ಹೊಳೆಹೊನ್ನೂರಿನ ಶ್ರೇಯಸ್ ಅಂತೆ. ಹೂಂ, ನಿನ್ ಮಗನೇ ಹೇಳ್ದ. ಬೇಗ ತಿದ್ದಿ ಹಾಕು, ಜನ ಇಲ್ಲಿಗೆ ಹೊರಟುಬಿಟ್ಟಿರ್ತಾರೆ."

ನಿಶಾಂತ್ ಎದ್ದು ಅವನ ಕೈಯಿಂದ ಫೋನು ಕಿತ್ತುಕೊಳ್ಳುವಷ್ಟರಲ್ಲಿ ಮಾತು ಮುಗಿದಿತ್ತು. ಹಲಗೆಯ ಮೇಲೆ ತಪ್ಪು ಬಿದ್ದರೆ ಒರೆಸಿ ಸರಿಯಾದದ್ದನ್ನು ಬರೆಯುವುದು ಅವರ ಪದ್ಧತಿ. ಅಪ್ಪ ಅದರಲ್ಲಿ ಎಂದೂ ತಡಮಾಡಿದವನಲ್ಲ.

"ಸಾರ್," ಎಂದು ಮೊಬೈಲ್ ಅಂಗಡಿಯವನು ವಿನಯದಿಂದ ಕೇಳಿದ. "ಹೊಳೆಹೊನ್ನೂರು ಅಂದ್ರಲ್ಲ, ಮನೆ ಊರೊಳಗಾ, ಹೊಳೆ ಕಡೆನಾ?"

"ನಿಲ್ಸೋ ಅದನ್ನ! ಅಳಿಸು!"

"ಲೈವ್ ಸಾರ್. ಹೋಗಾಯ್ತು. ತಾಯಿಗೆ ಮಗ ಸಿಕ್ಕಿದ್ದು ಒಳ್ಳೇ ಸುದ್ದಿ ತಾನೇ ಸಾರ್, ಜನಕ್ಕೂ ಖುಷಿ ಆಗುತ್ತೆ."

ಅವನಿಗೆ ಹೊಡೆಯಲು ಎತ್ತಿದ ಕೈ ನಿಶಾಂತನಿಗೆ ಪೂರ್ತಿ ಎತ್ತಲಾಗಲಿಲ್ಲ. ಲೈವ್‌ನಲ್ಲಿ ಹೋದ ಧ್ವನಿ ಯಾರದು? ಹೆಸರು ಯಾರ ಬಾಯಿಂದ ಬಂದದ್ದು? ಅಪ್ಪ ಹಾಕಿದ್ದು ತಪ್ಪು ಸುದ್ದಿ, ಅದನ್ನು ಒರೆಸಬಹುದಿತ್ತು. ತಾನು ಹೇಳಿದ್ದು ಸರಿಯಾದ ಸುದ್ದಿ.

ಹೊರಗೆ ಮೆಟ್ಟಿಲಿಗೆ ಬಂದು ಸುಬೇದಾರರಿಗೆ ಫೋನು ಹಚ್ಚಿದ. ಬೇರೆ ಕರೆಯಲ್ಲಿದ್ದರು. ಮತ್ತೆ ಹಚ್ಚಿದ. ಅಧಿಕಾರಿಗಳು ಹೊರಟರೋ ಇಲ್ಲವೋ, ಯಾವ ದಾರಿಯಲ್ಲಿದ್ದಾರೋ ತಿಳಿಯಲಿಲ್ಲ. ತಾನೇ ಬೈಕಿನಲ್ಲಿ ಹೊಳೆಹೊನ್ನೂರಿಗೆ ಹೋಗಿಬಿಡಲೇ ಎಂದುಕೊಂಡ. ಹೋಗಿ ಏನು ಮಾಡುವುದು? ಇನ್ನೊಂದು ತಟ್ಟೆ ಅವಲಕ್ಕಿ ತಿನ್ನುವುದೇ? ಬೈಕಿನ ಕೀಲಿ ತೆಗೆಯುವಾಗ, ಯಾರೋ ಕಳಿಸಿದ ಆ ಊರ ಸುದ್ದಿಯ ಪೇಜು ಫೋನಿನಲ್ಲಿ ಕಣ್ಣಿಗೆ ಬಿತ್ತು. ಶ್ರೇಯಸ್‌ನ ಫೋಟೋ ಆಗಲೇ ಬಂದಿತ್ತು. ಯೂನಿಫಾರ್ಮಿನದು, ಅವನದೇ ಇನ್‌ಸ್ಟಾಗ್ರಾಮಿನಿಂದ ಯಾರೋ ಹುಡುಕಿ ತೆಗೆದದ್ದು. ಪಾಠದ ದಿನ ಅಳಿಸು ಎಂದು ತಾನೇ ಹೇಳಿದ್ದ ಫೋಟೋ. ‘ಅಳಿಸ್ತೀನಿ ಅಣ್ಣ, ಧನಾಗೆ ಅದು ತುಂಬ ಇಷ್ಟ’ ಅಂದಿದ್ದ ಹುಡುಗ.

ಒಳಗೆ ಉಮಾಮಹೇಶ್ವರಿ ಬಂದವರ ಕೈಗೆಲ್ಲ ಸಕ್ಕರೆ ಹಾಕುತ್ತಿದ್ದಳು. ಹೊರಗೆ ನಿಶಾಂತನ ಕೈಯಲ್ಲಿ ಫೋನು ರಿಂಗಾಯಿತು. ಸುಬೇದಾರರದಲ್ಲ. ಶ್ರೇಯಸ್‌ನ ಹೆಂಡತಿ ಧನಲಕ್ಷ್ಮಿಯದು. ಫ್ಯಾಮಿಲಿ ಕ್ವಾರ್ಟರ್ಸಿನಲ್ಲಿ ಅವಳ ಕೈಯಡುಗೆ ಉಂಡಿದ್ದ. ಈಗ ಅವಳು ಅದೇ ಹೊಳೆಹೊನ್ನೂರಿನ ತವರಿನಲ್ಲಿದ್ದಳು. ರಿಂಗು ನಿಂತಿತು. ತಕ್ಷಣ ಮತ್ತೆ ಶುರುವಾಯಿತು. ಅವನು ಎತ್ತಿದ.

"ಅಣ್ಣಾ, ನೋಡಿದ್ರಾ ಜನ ಏನೇನ್ ಹಾಕ್ತಾರೆ?" ಧ್ವನಿಯಲ್ಲಿ ಸಿಟ್ಟಿತ್ತು, ಅಳು ಇರಲಿಲ್ಲ. "ಮೊದ್ಲು ಮಲ್ಲಿಕಣ್ಣ ಅಂತ ಬಂತು. ನನ್ ಎದೆನೇ ಒಡೆದುಹೋಯ್ತು. ಆಮೇಲೆ ಅದು ಸುಳ್ಳಂತೆ. ಈಗ ನಮ್ಮನೆಯವರ ಹೆಸರು ಹಾಕಿದಾರೆ. ಇವರಿಗೆಲ್ಲ ಮಾಡಕ್ಕೆ ಕೆಲಸ ಇಲ್ವಾ ಅಣ್ಣ?"

ಅವನು ಅಂಗಡಿಯ ಗದ್ದಲ ಕೇಳಿಸದಂತೆ ಬೀದಿಗೆ ಇಳಿದ.

"ಬೆಳಗಿನ ಜಾವ ಇವರೇ ಫೋನ್ ಮಾಡಿದ್ರು ಅಣ್ಣ. ಇವತ್ತು ನನ್ ಡ್ಯೂಟಿ ಅಲ್ಲ, ಮಲ್ಲಿಕ್‌ದು, ನಾನು ಪಕ್ಕದಲ್ಲಿ ಕೂತು ನಿದ್ದೆ ಹೊಡೀತೀನಿ ಅಂದ್ರು. ಇವರು ಗಾಡಿ ಓಡಿಸ್ತಿದ್ರು ಅಂತ ಹಾಕಿದಾರೆ. ಇವರು ಓಡಿಸ್ತಾನೇ ಇರ್ಲಿಲ್ಲ. ಅಲ್ಲೇ ಗೊತ್ತಾಗಲ್ವಾ ಸುಳ್ಳು ಅಂತ? ಮೊದಲ್ನೇದೂ ಸುಳ್ಳಾಯ್ತಲ್ಲ, ಇದೂ ಹಂಗೇ ತಾನೇ?"

ಅವಳ ತರ್ಕದಲ್ಲಿ ಒಂದೇ ಒಂದು ತಪ್ಪಿತ್ತು. ಅದು ಗೊತ್ತಿದ್ದವರು ಜಗತ್ತಿನಲ್ಲಿ ಕೆಲವೇ ಜನ; ಅವರಲ್ಲೊಬ್ಬ ಅವಳ ಕಿವಿಯಲ್ಲಿದ್ದ. ಸುಳ್ಳು ಎಂದು ಒಂದು ಮಾತು ಅಂದರೆ ಅಧಿಕಾರಿಯ ಜೀಪು ಬಾಗಿಲಿಗೆ ಬರುವವರೆಗೆ ಅವಳು ನೆಮ್ಮದಿಯಾಗಿರುತ್ತಿದ್ದಳು. ನಿಜ ಎಂದರೆ ಸುಬೇದಾರರ ಮಾತನ್ನು ಇದೇ ದಿನ ಎರಡನೇ ಸಲ ಮುರಿದಂತೆ. ಅವನು ಎರಡೂ ಅಲ್ಲದ್ದನ್ನು ಹುಡುಕಿದ.

"ಧನಮ್ಮ, ಮನೇಲಿ ಯಾರಿದಾರೆ?"

"ಯಾಕೆ ಕೇಳ್ತಿದೀರಾ?"

"ಒಬ್ಳೇ ಇದೀಯಾ? ನಿಮ್ಮಮ್ಮ ಹತ್ರ ಇದಾರಾ? ಅವರ ಪಕ್ಕ ಹೋಗಿ ಕೂತ್ಕೋ. ಈಗ ಆಫೀಸಿನವರು ಬರ್ತಾರೆ."

ಸೈನಿಕನ ಮನೆಯಲ್ಲಿ ಸಂಸಾರ ಮಾಡಿದವಳಿಗೆ ಆ ಪ್ರಶ್ನೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಕೂಗಲಿಲ್ಲ. ತನಗೆ ತಾನೇ ಹೇಳಿಕೊಂಡಂತೆ ಮೆಲ್ಲಗೆ ಅಂದಳು:

"ಸುಳ್ಳು ಅಂತ ಹೇಳ್ಲಿಲ್ಲ ನೀವು."

ಫೋನನ್ನು ಅವಳೂ ಇಡಲಿಲ್ಲ, ಅವನೂ ಇಡಲಿಲ್ಲ. ಅವಳ ಹಿಂದಿನಿಂದ, ಮನೆಯ ಒಳಗಡೆಯಿಂದ, ವಯಸ್ಸಾದ ಹೆಂಗಸೊಬ್ಬಳು ಕೇಳುತ್ತಿದ್ದಳು: "ಏನಂತೆ ಧನಾ? ಸುಳ್ಳಂತಾ?"